ಹದಿನಾರರ ಮೇಲಿಟ್ಟ ಪ್ಲೇಟು

ಅಣ್ಣನ ಮಗ ದೊಡ್ಡಬಸಪ್ಪನನ್ನು ಮಣ್ಣು ಮಾಡಿ ಬಂದ ಆರನೆಯ ದಿನ, ಬುಧವಾರ ಬೆಳಿಗ್ಗೆ, ಗಾಂಧಿನಗರದ ಗವಿಸಿದ್ದಪ್ಪನವರ ಬೀದಿಗೆ ನಲ್ಲಿ ನೀರು ಬಂತು. ಅಲ್ಲಿಯವರೆಗೆ ಆ ಮನೆಯಲ್ಲಿ ಯಾರಿಗೂ ವಾರ ಯಾವುದೆಂದು ನೆನಪಿರಲಿಲ್ಲ. ನೆಂಟರು ಬುತ್ತಿ ತಂದರು, ಅತ್ತರು, ಉಂಡರು, ಬಸ್ಸು ಹತ್ತಿದರು. ಆದರೆ ಬಳ್ಳಾರಿಯ ನಲ್ಲಿ ಯಾರ ದುಃಖಕ್ಕೂ ಕಾಯುವಂಥದಲ್ಲ. ವಾರಕ್ಕೊಮ್ಮೆ ಬರುತ್ತದೆ, ಮುಕ್ಕಾಲು ಗಂಟೆ ಇರುತ್ತದೆ, ಹೋಗುತ್ತದೆ. ಕೊಡಗಳು ಹೊರಟವು.

ದೊಡ್ಡಬಸಪ್ಪನ ಹೆಂಡತಿ ವೀರಭದ್ರಮ್ಮ ತಾನೂ ಒಂದು ಕೊಡ ಎತ್ತಿಕೊಂಡು ಹೋದಳು. ಧಾರವಾಡದಲ್ಲಿ ಎಂ.ಎ. ಮಾಡಿದವಳು, ಮದುವೆಯಾಗಿ ಎರಡು ವರ್ಷ. ಆಕೆಯನ್ನು ಕಂಡದ್ದೇ ನಲ್ಲಿಯ ಹತ್ತಿರದ ಜಗಳ ನಿಂತಿತು. ಎಲ್ಲರೂ ಸರಿದು ಮೊದಲ ಸರದಿ ಬಿಟ್ಟುಕೊಟ್ಟರು. ಆಕೆ ಕೊಡ ತುಂಬಿಸಿ, ಯಾರನ್ನೂ ನೋಡದೆ ಬಂದಳು. ಬಾಗಿಲಲ್ಲಿ ನಿಂತು ಇದನ್ನು ಗಮನಿಸಿದ ಗವಿಸಿದ್ದಪ್ಪನವರ ಹೆಂಡತಿ ಕೊಟ್ರಮ್ಮನವರು ಕಣ್ಣೊರೆಸಿಕೊಂಡು, ಇನ್ನೂ ಐದು ಕೊಡ ಕೊಟ್ಟು ಕಳಿಸಿದರು.

ಒಂಬತ್ತು ಗಂಟೆಗೆ ಜಟಕಾದವನು ಒಂದು ಟ್ರಂಕನ್ನು ಜಗುಲಿಗೆ ಇಳಿಸಿ ಹೋದ. ದೊಡ್ಡಬಸಪ್ಪ ಸಿರುಗುಪ್ಪದಲ್ಲಿ ಕಾಲುವೆ ಇಲಾಖೆಯ ಓವರ್‌ಸೀಯರ್. ವಾರವೆಲ್ಲ ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದು ಶನಿವಾರ ಮನೆಗೆ ಬರುವವನು. ಹೋದ ವಾರ ಮಾತ್ರ ಮೂರು ದಿನದ ಜ್ವರ ಅವನನ್ನು ಗುರುವಾರವೇ ಹೆಣವಾಗಿ ಮನೆಗೆ ಕಳಿಸಿಕೊಟ್ಟಿತ್ತು. ಅವನ ಸಾಮಾನನ್ನು ಇಲಾಖೆಯವರು ಈಗ ಬಸ್ಸಿನ ಮೇಲೆ ಹಾಕಿ ಕಳಿಸಿದ್ದರು.

ಟ್ರಂಕಿನಲ್ಲಿ ಎರಡು ಪ್ಯಾಂಟು, ಕ್ಷೌರದ ಸಾಮಾನು, ಮುಚ್ಚಳ ಹಾಕಿದರೆ ಸೂಟ್‌ಕೇಸಿನಂತೆ ಕಾಣುವ ಬ್ಯಾಟರಿಯ ರಿಕಾರ್ಡ್ ಪ್ಲೇಯರ್, ಮತ್ತು ಒಂದು ಕೆಂಪು ಬಟ್ಟೆಯ ಚೀಲ. ಚೀಲಕ್ಕೆ ನಾಲ್ಕೂ ಅಂಚಿಗೆ ಬಂಗಾರದ ಬಣ್ಣದ ಜರಿ ಪಟ್ಟಿ, ಬಾಯಿಗೆ ಒಂದು ಹಿತ್ತಾಳೆ ಗುಂಡಿ. ಒಳಗೆ ತಟ್ಟೆಯಗಲದ ಒಂದು ಹಾಡಿನ ಪ್ಲೇಟು.

ವೀರಭದ್ರಮ್ಮ ಆರು ದಿನದಲ್ಲಿ ಮೊದಲ ಸಲ ಯಾರೂ ಕೇಳದೆಯೇ ಮಾತಾಡಿದಳು. “ಇದು ನಮ್ಮದಲ್ಲ ಮಾವ. ಸಿರುಗುಪ್ಪದಾಗ ಒಬ್ಬರ ಕಡಿಂದ ಎರವು ತಂದಿದ್ರು. ಅವರನ್ನ ಒಂದಿನ ಮನಿಗೆ ಊಟಕ್ಕ ಕರಕೊಂಡು ಬರ್ತೀನಿ, ಆವಾಗ ಹೆಸರು ಹೇಳ್ತೀನಿ ಅಂದಿದ್ರು. ನಾನೇ ಅವರ ಕೈಗೆ ಕೊಡಬೇಕು.”

ಎರವು ಎಂಬ ಮಾತಿಗೆ ಕೊಟ್ರಮ್ಮನವರು ಅಡುಗೆ ಬಿಟ್ಟು ಜಗುಲಿಗೆ ಬಂದರು. ಅವರ ತವರಿನ ಕಡೆ ಒಂದು ಕಟ್ಟಳೆ ಇತ್ತು. ಸತ್ತವನು ಯಾರಿಂದಲಾದರೂ ಎರವು ತಂದ ಸಾಮಾನು ಮನೆಯಲ್ಲಿ ಉಳಿದಿದ್ದರೆ ಹನ್ನೊಂದನೆಯ ದಿನದ ಗಣಾರಾಧನೆಯಲ್ಲಿ ಎಡೆ ಇಡುವಂತಿಲ್ಲ. ಒಂದು ಸಲ ಅವರ ಅಜ್ಜನ ಗಣಾರಾಧನೆಗೆ ನೂರು ಜನ ಎಲೆಯ ಮುಂದೆ ಎರಡು ತಾಸು ಕೂತಿದ್ದರಂತೆ, ಅಜ್ಜ ಪಕ್ಕದ ಊರಿನಿಂದ ತಂದಿದ್ದ ಒಂದು ಏಣಿ ವಾಪಸು ಮುಟ್ಟುವವರೆಗೆ. ಗಣಾರಾಧನೆ ಬರುವ ಸೋಮವಾರ. ಅಷ್ಟರೊಳಗೆ ಪ್ಲೇಟಿನ ಮಾಲೀಕ ಸಿಗಬೇಕು.

“ನನಗ ಗೊತ್ತೈತಿ” ಎಂದರು ಗವಿಸಿದ್ದಪ್ಪನವರು.

ಈ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ಗವಿಸಿದ್ದಪ್ಪನವರು ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಟಪಾಲು ಗುಮಾಸ್ತರಾಗಿದ್ದು ನಿವೃತ್ತರಾದವರು. ಅಷ್ಟು ವರ್ಷದಲ್ಲಿ ಒಂದು ಕಾಗದವನ್ನೂ ತಪ್ಪು ಮೇಜಿಗೆ ಕಳಿಸಿದವರಲ್ಲ. ಅದೇ ರೀತಿ, ಅಷ್ಟು ವರ್ಷದಲ್ಲಿ ಒಮ್ಮೆಯೂ ‘ಗೊತ್ತಿಲ್ಲ’ ಎಂದವರೂ ಅಲ್ಲ. ಯಾರು ಏನು ಕೇಳಿದರೂ ‘ಗೊತ್ತೈತಿ’ ಎನ್ನುವುದು, ಆಮೇಲೆ ನೀರು ಕುಡಿಯುವ ನೆವದಲ್ಲಿ ಎದ್ದು ಹೋಗಿ ಜವಾನನನ್ನು ಕೇಳಿ ಬರುವುದು, ಇದು ಅವರ ಪದ್ಧತಿ. ಮನೆಯಲ್ಲಿ ಜವಾನ ಇರಲಿಲ್ಲ. ಕಷ್ಟ ಅಲ್ಲಿಂದ ಶುರುವಾಯಿತು.

ಅವರು ಚೀಲವನ್ನು ಟಪಾಲು ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದರು. ಕೆಂಪು ಬಟ್ಟೆ, ಜರಿ, ಹಿತ್ತಾಳೆ. ಇದು ಸಣ್ಣ ಜನರ ಚೀಲವಲ್ಲ ಎಂದು ತೀರ್ಮಾನಿಸಿದರು. ದಂಡಿನ ಅಧಿಕಾರಿ ಇರಬಹುದು, ದೊಡ್ಡ ಜಮೀನುದಾರ ಇರಬಹುದು. ಪ್ಲೇಟು ಕೆಟ್ಟಿದೆಯೋ ಹೇಗೋ ನೋಡಬೇಕೆಂದು ಹಾಡಿನ ಪೆಟ್ಟಿಗೆಯ ಮುಚ್ಚಳ ತೆಗೆದು ಮುಳ್ಳು ಇಟ್ಟರು.

ಪೆಟ್ಟಿಗೆಯ ಅಂಚಿನಲ್ಲಿ ಒಂದು ಕಡ್ಡಿ ಇತ್ತು. ಅದರ ಪಕ್ಕ ತಿರುಗುವ ವೇಗಕ್ಕೆ 16, 33, 45, 78 ಎಂದು ಬರೆದಿತ್ತು. ಕಡ್ಡಿ ಹದಿನಾರರ ಮೇಲಿತ್ತು. ತೀರಿಹೋದವನು ಇಟ್ಟ ಜಾಗದಿಂದ ಅದನ್ನು ಕದಲಿಸುವುದು ಗವಿಸಿದ್ದಪ್ಪನವರಿಗೆ ಸರಿ ಕಾಣಲಿಲ್ಲ.

ಪ್ಲೇಟು ಜಾತ್ರೆಯ ಹಳೆಯ ರಾಟೆಯಂತೆ ಮೆಲ್ಲಗೆ ತಿರುಗಿತು. ಮೊದಲು ಯಾರೋ ದೂರದಲ್ಲಿ ಅಂಗಳ ಗುಡಿಸುವ ಸದ್ದು ಬಂತು. ಆಮೇಲೆ ಬಾವಿಯ ತಳದಿಂದ ಎದ್ದ ಹಾಗೆ ಒಂದು ಧ್ವನಿ. ಕರು ಕಳೆದುಕೊಂಡ ಎಮ್ಮೆಗೆ ಸಂಗೀತ ಬಂದಿದ್ದರೆ ಹಾಗೆ ಹಾಡಬಹುದಿತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಒಂದು ಗುಟುಕು ಚಹಾ ಕುಡಿಯಬಹುದು. ಪಕ್ಕದ ಮನೆಯ ಅಂಬಮ್ಮ ಕಾಂಪೌಂಡಿನ ಆಚೆ ಕೈಯಲ್ಲಿದ್ದ ಮೊರ ಕೆಳಗಿಟ್ಟು ಅಳತೊಡಗಿದಳು.

ವೀರಭದ್ರಮ್ಮ ಒಳಗಿನಿಂದ ಬಂದು ಕಡ್ಡಿಯ ಕಡೆ ನೋಡಿದಳು.

“ಮಾವ, ಅದು ಜಾಝ್. ಸ್ಯಾಕ್ಸೋಫೋನ್. ಅದನ್ನ…”

“ನನಗ ಗೊತ್ತೈತಿ ಯವ್ವಾ” ಎಂದು ಗವಿಸಿದ್ದಪ್ಪನವರು ಕೈ ಎತ್ತಿದರು. ಆಕೆ ಇನ್ನೊಂದು ಮಾತು ಆಡಲು ಬೇಕಾದ ಬಲವಿಲ್ಲದವಳಂತೆ ಒಳಗೆ ಹೋದಳು.

ಆದರೂ ಎರಡು ಹೊಸ ಶಬ್ದ ಅವರಿಗೆ ಸಿಕ್ಕಿದ್ದವು. ಸಂಜೆ ಮಾತಾಡಿಸಲು ಬಂದವರೆದುರು ಅವು ಕೆಲಸಕ್ಕೆ ಬಂದವು. ಅಂದು ಬಂದ ಹತ್ತು ಜನರಲ್ಲಿ ಕುರುಗೋಡಿನ ನಿವೃತ್ತ ಹೆಡ್‌ಮಾಸ್ತರು ಪಂಪಾಪತಿಯವರು ಮುಖ್ಯರು. ಗವಿಸಿದ್ದಪ್ಪನವರು ಪ್ಲೇಟು ಹಾಕಿ ವಿವರಿಸಿದರು. ಜಾಝ್ ಎಂದರೆ ಅಮೇರಿಕದ ಶೋಕಗೀತೆ. ಊದಿದವನು ಹೆಂಡತಿ ಸತ್ತ ಮೂರನೆಯ ದಿನ ಊದಿದ್ದು. ಅಂಗಳ ಗುಡಿಸುವ ಸದ್ದು ಆಕೆಯ ನೆನಪು. ಹದಿನಾರು ಎಂದು ಬರೆದಿದೆಯಲ್ಲ, ಅದು ಷೋಡಶೋಪಚಾರಕ್ಕೆ ಸಂಬಂಧಪಟ್ಟದ್ದು. ಇಷ್ಟನ್ನೂ ಅವರು ಆ ಕ್ಷಣದಲ್ಲೇ ಹೊಂದಿಸಿದರು, ಹೇಳಿ ಮುಗಿಸುವಷ್ಟರಲ್ಲಿ ನಂಬಿಯೂ ಬಿಟ್ಟರು.

ಮಾಲೀಕನನ್ನು ಹಿಡಿಯುವ ಉಪಾಯವನ್ನೂ ಹೂಡಿದ್ದರು. ಯಾರು ಈ ಸಂಗೀತಕ್ಕೆ ತಿಳಿದು ತಲೆದೂಗುತ್ತಾರೋ ಅವರದೇ ಪ್ಲೇಟು. ಸಾವಿನ ಮನೆಯಲ್ಲಿ, ಹೆಡ್‌ಮಾಸ್ತರೇ ತಲೆದೂಗುತ್ತಿರುವಾಗ, ತಲೆದೂಗದೆ ಕೂರುವ ಧೈರ್ಯ ಯಾರಿಗಿದೆ? ಹತ್ತಕ್ಕೆ ಹತ್ತೂ ತಲೆಗಳು ತೂಗಿದವು. ಒಬ್ಬರಿಗೆ ನಿದ್ದೆ ಬಂದದ್ದೂ ಆ ಲೆಕ್ಕದಲ್ಲಿ ಸೇರಿತು.

ಆ ಹೊತ್ತಿಗೇ ಗೇಟಿನ ಬೇವಿನ ಮರದ ಕೆಳಗೆ ಒಬ್ಬ ಬಂದು ನಿಂತದ್ದನ್ನು ಗವಿಸಿದ್ದಪ್ಪನವರು ಕಂಡರು. ನಲವತ್ತೈದರ ವಯಸ್ಸು, ತೆಳ್ಳಗಿನ ಮೈ, ಮದುವೆ ಬ್ಯಾಂಡಿನವರ ಕೆಂಪು ಕೋಟು. ಅವನು ಮಾತು ತೆಗೆಯುವ ಮೊದಲೇ ಅವರು ಹೋಗಿ, ಈ ಮನೆಯಲ್ಲಿ ಸದ್ಯಕ್ಕೆ ಯಾವ ಮದುವೆಯೂ ಇಲ್ಲ, ಇದ್ದಾಗ ಹೇಳಿ ಕಳಿಸುತ್ತೇವೆ ಎಂದರು. ಅವನು ಒಳಗಿನಿಂದ ಬರುತ್ತಿದ್ದ ಎಮ್ಮೆಯ ಧ್ವನಿಯನ್ನು ಒಂದು ನಿಮಿಷ ಕೇಳಿ, ಏನಿಲ್ಲ ಸುಮ್ಮನೆ ಬಂದಿದ್ದೆ ಎಂದು ಹೊರಟುಹೋದ.

ಮರುದಿನ ಗವಿಸಿದ್ದಪ್ಪನವರು ಪೆಟ್ಟಿಗೆಯನ್ನೂ ಕೆಂಪು ಚೀಲವನ್ನೂ ಹಿಡಿದು ಸಿರುಗುಪ್ಪದ ಬಸ್ಸು ಹತ್ತಿದರು. ಹೋದವರು ನೆಟ್ಟಗೆ ಕಾಲುವೆ ಆಫೀಸಿಗೆ ಹೋಗಿ, ದೊಡ್ಡಬಸಪ್ಪನ ಗೆಳೆಯರು ಯಾರೆಂದು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕೇಳುವುದೆಂದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ. ಅವರು ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ಮನೆ ಯಾವುದೆಂದು ನೋಡಿದರು. ಅದು ಅಕ್ಕಿ ಗಿರಣಿಯ ಎರ್ರಿಸ್ವಾಮಿಯವರದು.

ಎರ್ರಿಸ್ವಾಮಿಯವರು ಗಿರಣಿ ನಿಲ್ಲಿಸಿ ಪ್ಲೇಟು ಕೇಳಿದರು. ಅವರಿಗೆ ಸಂಗೀತ ಗೊತ್ತಿರಲಿಲ್ಲ. ಆದರೆ ಕುರುಗೋಡಿನ ಪಂಪಾಪತಿ ಮಾಸ್ತರು ನಿನ್ನೆ ಬಹಳ ಚೆನ್ನಾಗಿ ತಲೆದೂಗಿದರೆಂಬುದು ಕಿವಿಗೆ ಬಿದ್ದಕೂಡಲೇ ಅವರು ತಲೆಯ ಜೊತೆಗೆ ಭುಜವನ್ನೂ ತೂಗಿದರು. ಅವರಿಬ್ಬರಿಗೂ ಹದಿನೆಂಟು ವರ್ಷದ ಹಿಂದೆ ಒಂದು ಸಾಲೆಯ ಕಟ್ಟಡದ ಕಲ್ಲಿನ ಮೇಲೆ ಯಾರ ಹೆಸರು ಮೊದಲು ಬರಬೇಕೆಂಬ ವಿಷಯದಲ್ಲಿ ಮಾತು ಬಿಟ್ಟಿತ್ತು. ಎರ್ರಿಸ್ವಾಮಿಯವರು ಚೀಲದ ಜರಿಯನ್ನು ಮುಟ್ಟಿ ನೋಡಿ, ಇಂಥದೊಂದು ನಮ್ಮ ಮನೆಯಲ್ಲೂ ಇತ್ತು ಎಂದರು. ಚಹಾ ಬರುವಷ್ಟರಲ್ಲಿ ಅದು ಇದೇ ಇರಬಹುದು ಎಂದಾಯಿತು. ಕಪ್ಪು ಕೆಳಗಿಡುವಷ್ಟರಲ್ಲಿ ಇದೇ ಎಂದಾಯಿತು. ಗವಿಸಿದ್ದಪ್ಪನವರು ಸಂತೋಷದಿಂದ, ಸೋಮವಾರ ಗಣಾರಾಧನೆಗೆ ಬರಬೇಕು, ಸೊಸೆಯ ಕೈಯಿಂದಲೇ ತೆಗೆದುಕೊಳ್ಳಬೇಕು ಎಂದು ಆಹ್ವಾನ ಕೊಟ್ಟು ಬಸ್ ಸ್ಟ್ಯಾಂಡಿಗೆ ಬಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಗ್ಗುಲಿಗೆ ಬಂದು ಕೂತವನು ಅದೇ ಕೆಂಪು ಕೋಟಿನವನು. ಕಾಲ ಸಂದಿಯಲ್ಲಿ ವಾದ್ಯದ ಉದ್ದನೆಯ ಪೆಟ್ಟಿಗೆ. ಬಳ್ಳಾರಿಯಲ್ಲಿ ಒಂದು ಮದುವೆಗೆ ಊದಲು ಹೊರಟಿದ್ದನಂತೆ, ಹೆಸರು ಸುಂಕಣ್ಣ. ತೆಕ್ಕಲಕೋಟೆ ದಾಟಿದ ಮೇಲೆ ಬಿಸಿಲು ಕಿಟಕಿಯಿಂದ ನೇರವಾಗಿ ಗವಿಸಿದ್ದಪ್ಪನವರ ತೊಡೆಯ ಮೇಲೆ ಬಿತ್ತು.

“ಅಪ್ಪಾರ, ಚೀಲ ಬಿಸಲಿಗೆ ಇಡಬ್ಯಾಡ್ರಿ. ಪ್ಲೇಟು ಸೊಟ್ಟ ಆಗತೈತಿ.”

“ನನಗ ಗೊತ್ತೈತಿ.”

ಗೊತ್ತಿದ್ದರೂ ಅವರು ಸರಿಸದಿದ್ದುದನ್ನು ನೋಡಿ ಸುಂಕಣ್ಣ ತನ್ನ ಕೋಟು ಬಿಚ್ಚಿ ಚೀಲದ ಮೇಲೆ ಹೊದಿಸಿದ. ಕೋಟಿನ ಬೆನ್ನಿನ ಕೆಳಭಾಗದಲ್ಲಿ ಒಂದು ದೊಡ್ಡ ಚೌಕ ಕತ್ತರಿಸಿ ಹೋಗಿತ್ತು. ಅಲ್ಲಿ ಖಾಕಿ ಬಟ್ಟೆಯ ತೇಪೆ. ಕೆಂಪಿನ ಮೇಲೆ ಕೆಂಪು, ಜರಿಯ ಮೇಲೆ ಜರಿ, ಎರಡೂ ಗವಿಸಿದ್ದಪ್ಪನವರ ತೊಡೆಯ ಮೇಲೆ ಮಲಗಿದ್ದವು. ಅವರು ಅದನ್ನು ನೋಡಿ, ಇವನ ಕೋಟಿನ ಬಣ್ಣ ಚೀಲಕ್ಕೆ ಹತ್ತದಿದ್ದರೆ ಸಾಕು ಎಂದುಕೊಂಡರು.

ಉಪಕಾರ ಮಾಡಿದವನಿಗೆ ಪ್ರತಿಯಾಗಿ ಏನಾದರೂ ತಿಳಿವಳಿಕೆ ಕೊಡೋಣವೆಂದು ಅವರಿಗೆ ಅನ್ನಿಸಿತು.

“ಸ್ಯಾಕ್ಸೋಫೋನ್ ಅಂದ್ರ ಗೊತ್ತೇನಪಾ ನಿನಗ?”

“ಸ್ವಲ್ಪ ಗೊತ್ತುರಿ.”

“ಸ್ವಲ್ಪ ಸಾಲೂದಿಲ್ಲ.”

ಅಲ್ಲಿಂದ ಬಳ್ಳಾರಿಯ ಕೋಟೆ ಗುಡ್ಡ ಕಾಣುವವರೆಗೆ ಅವರು ಹೇಳಿದರು, ಸುಂಕಣ್ಣ ಕೇಳಿದ. ಶೋಕಕ್ಕೆ ಊದುವಾಗ ಕೆನ್ನೆ ಎಷ್ಟು ಉಬ್ಬಬೇಕು, ಹೆಂಡತಿ ಸತ್ತವನ ಉಸಿರಿಗೂ ತಾಯಿ ಸತ್ತವನ ಉಸಿರಿಗೂ ವ್ಯತ್ಯಾಸವೇನು, ಎಲ್ಲ. ಇಪ್ಪತ್ತೈದು ವರ್ಷ ಆ ವಾದ್ಯ ಊದಿ, ಅದರಲ್ಲಿ ಐದು ವರ್ಷ ಮುಂಬಯಿಯ ಹೋಟೆಲೊಂದರಲ್ಲಿ ಊದಿ, ತಾಯಿಗೆ ಮೈಯಲ್ಲಿ ಸರಿಯಿಲ್ಲವೆಂದು ಊರಿಗೆ ಬಂದ ಮನುಷ್ಯ, ಕಾಲ ಸಂದಿಯ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು, ನಡುನಡುವೆ ಹೌದ್ರಿ ಎಂದ. ಒಂದೇ ಒಂದು ಪ್ರಶ್ನೆ ಕೇಳಿದ.

“ಎಷ್ಟರ ಮ್ಯಾಲೆ ಹಾಕಿ ಕೇಳಿದ್ರಿ ಅಪ್ಪಾರ?”

“ಹದಿನಾರು.”

“ಹದಿನಾರು ಕಲಿಯಾಕ ಚಲೋರಿ. ಕೇಳಾಕ…”

“ನನಗ ಗೊತ್ತೈತಿ.”

ಬಳ್ಳಾರಿಯಲ್ಲಿ ಇಳಿದಾಗ ಸುಂಕಣ್ಣ ಕೋಟು ತೊಟ್ಟು, ಚೀಲದ ಕಡೆ ನೋಡುತ್ತ, ದೊಡ್ಡಬಸಣ್ಣಾರು ಎಂದು ಶುರುಮಾಡಿದ. ಗವಿಸಿದ್ದಪ್ಪನವರು ಚೀಲವನ್ನು ಎದೆಗೆ ಒತ್ತಿಕೊಂಡು, ಇದನ್ನು ಮುಟ್ಟಬೇಡ, ಇದರ ಮಾಲೀಕರು ಬಹಳ ದೊಡ್ಡವರು, ಸೋಮವಾರ ಬರುತ್ತಾರೆ ಎಂದರು. ಸುಂಕಣ್ಣ, ಸೋಮವಾರ ತಾನೂ ಬರಬಹುದೇ ಎಂದು ಕೇಳಿದ. ಬರಬಹುದು, ಪ್ರಸಾದ ಎಲ್ಲರಿಗೂ ಇದೆ, ಹಿತ್ತಲ ಬಾಗಿಲಿಗೆ ಬಾ ಎಂದರು ಗವಿಸಿದ್ದಪ್ಪನವರು.

ಶನಿವಾರ ಅವರು ಕುರುಗೋಡಿಗೆ ಹೋದರು. ಹೋದದ್ದು ಬರಿಯ ಆಹ್ವಾನ ಕೊಡಲು. ಪ್ಲೇಟಿನ ಮಾಲೀಕ ಸಿರುಗುಪ್ಪದ ಎರ್ರಿಸ್ವಾಮಿ ಎಂದು ತಿಳಿದಾಗ ಪಂಪಾಪತಿ ಮಾಸ್ತರು ಕನ್ನಡಕ ತೆಗೆದು ಒರೆಸಿದರು. ಆ ಮನುಷ್ಯನಿಗೆ ಗಿರಣಿಯ ಸದ್ದು ಬಿಟ್ಟರೆ ಬೇರೆ ಸದ್ದು ತಿಳಿಯದು ಎಂದರು. ನಂತರ, ಹೇಳಬಾರದೆಂದಿದ್ದೆ, ಆ ಪ್ಲೇಟು ನನ್ನದು ಎಂದರು. ಸಾಲೆಯ ಬ್ಯಾಂಡಿಗೆಂದು ತರಿಸಿದ್ದಂತೆ. ದೊಡ್ಡಬಸಪ್ಪ ಹುಡುಗನಾಗಿದ್ದಾಗ ಕೊಟ್ಟಿದ್ದಂತೆ. ಕೆಂಪು ಬಟ್ಟೆ ಸಾಲೆಯ ನಾಟಕದ ರಾಜನ ಉಡುಪಿನದಂತೆ. ಇಷ್ಟು ವಿವರ ಎರ್ರಿಸ್ವಾಮಿಯವರು ಕೊಟ್ಟಿರಲಿಲ್ಲ. ಗವಿಸಿದ್ದಪ್ಪನವರು ಇದೂ ಸರಿ ಎಂದು ಅವರನ್ನೂ ಸೋಮವಾರಕ್ಕೆ ಕರೆದು ಬಂದರು.

ಒಂದು ಕಾಗದಕ್ಕೆ ಇಬ್ಬರು ವಾರಸುದಾರರು. ಮೂವತ್ತನಾಲ್ಕು ವರ್ಷದಲ್ಲಿ ಹೀಗಾಗಿರಲಿಲ್ಲ. ಭಾನುವಾರವೆಲ್ಲ ಅವರು ಊಟ ಬಿಟ್ಟು ಕೂತರು. ತಪ್ಪು ಕೈಗೆ ಕೊಟ್ಟರೆ ಎರವು ಮುಟ್ಟಿದಂತಾಗುವುದಿಲ್ಲ, ಎಡೆ ಇಡುವಂತಿಲ್ಲ, ತಾನು ಎತ್ತಿ ಬೆಳೆಸಿದ ಹುಡುಗನ ಕೊನೆಯ ಟಪಾಲು ದಾರಿ ತಪ್ಪುತ್ತದೆ. ವೀರಭದ್ರಮ್ಮ ಒಂದು ಲೋಟ ಮಜ್ಜಿಗೆ ತಂದಿಟ್ಟು, ಮಾಲೀಕರು ಸಿಕ್ಕರಾ ಎಂದು ಕೇಳಿದಳು. ಸಿಕ್ಕಿದ್ದಾರೆ ಎಂದರು. ಯಾರು ಎಂದಳು. ಗೊತ್ತೈತಿ ಎಂದರು. ಆಕೆ ಅವರ ಮುಖವನ್ನು ಬಹಳ ಹೊತ್ತು ನೋಡಿ, ಮಜ್ಜಿಗೆ ಕುಡಿಯಿರಿ ಎಂದಳು.

ಸೋಮವಾರ ಪಡಸಾಲೆ ತುಂಬಿತು. ಮಠದ ಅಯ್ಯನವರು ನಡುವೆ ಕೂತರು. ಅವರ ಬಲಕ್ಕೆ ಎರ್ರಿಸ್ವಾಮಿಯವರು, ಎಡಕ್ಕೆ ಪಂಪಾಪತಿ ಮಾಸ್ತರು, ಒಬ್ಬರು ಇನ್ನೊಬ್ಬರಿಗೆ ಕಾಣದಂತೆ. ಹೆಂಗಸರು ಒಳಬಾಗಿಲಲ್ಲಿ. ಅಡುಗೆ ಆಗಿತ್ತು, ಎಲೆ ಹಾಕಿರಲಿಲ್ಲ. ಎರವು ಮುಟ್ಟುವವರೆಗೆ ಹಾಕುವುದಿಲ್ಲ ಎಂದು ಕೊಟ್ರಮ್ಮನವರು ಸೌಟು ಹಿಡಿದು ನಿಂತಿದ್ದರು. ಗೇಟಿನ ಬೇವಿನ ಕೆಳಗೆ ಕೆಂಪು ಕೋಟೊಂದು ಬಂದು ನಿಂತಿತು.

ಗವಿಸಿದ್ದಪ್ಪನವರು ಮುಳ್ಳು ಇಟ್ಟರು. ಎಮ್ಮೆ ಕೂಗಿತು. ಎರ್ರಿಸ್ವಾಮಿಯವರು ಒಂದು ಕಡೆ ತಲೆದೂಗಿದರು. ಪಂಪಾಪತಿ ಮಾಸ್ತರು, ಅಲ್ಲಿ ತೂಗುವುದಲ್ಲ ಎಂದು ಅಯ್ಯನವರಿಗೆ ಪಿಸುಗುಟ್ಟಿ ಬೇರೊಂದು ಕಡೆ ತೂಗಿದರು. ಪಿಸುಮಾತು ಜೋರಾಯಿತು. ಅಕ್ಕಿಯ ತೌಡಿನ ವಿಷಯ ಬಂತು, ಕಲ್ಲಿನ ಮೇಲಿನ ಹೆಸರಿನ ವಿಷಯ ಬಂತು. ತಮ್ಮ ಮುತ್ತಜ್ಜನ ಕಾಲದಿಂದ ಪ್ಲೇಟು ತಮ್ಮ ಮನೆಯಲ್ಲಿತ್ತು ಎಂದು ಒಬ್ಬರು ಹೇಳಿದರೆ, ಅದರಲ್ಲಿ ಗುಡಿಸುತ್ತಿರುವವನು ನಮ್ಮ ಸಾಲೆಯ ಜವಾನ ಎನ್ನುವಷ್ಟರ ಮಟ್ಟಿಗೆ ಇನ್ನೊಬ್ಬರು ಹೋದರು. ಅಯ್ಯನವರು ಹಸಿದಿದ್ದರು. ಕೊಡುವವರು ಆ ಹೆಣ್ಣುಮಗಳು, ಆಕೆಯೇ ಯಾರಿಗಾದರೂ ಕೊಡಲಿ ಎಂದರು.

ವೀರಭದ್ರಮ್ಮ ಹೊರಗೆ ಬಂದಳು. ಯಾರ ಕಡೆಯೂ ನೋಡಲಿಲ್ಲ, ಪೆಟ್ಟಿಗೆಯ ಮುಂದೆ ಕೂತಳು.

“ಒಂದ್ಸಲ ಸರಿಯಾಗಿ ಕೇಳಿ ಕೊಡ್ತೀನಿ” ಎಂದು, ಮುಳ್ಳು ಎತ್ತಿ, ಕಡ್ಡಿಯನ್ನು ಹದಿನಾರರಿಂದ ಮೂವತ್ತಮೂರಕ್ಕೆ ಸರಿಸಿದಳು.

ಮೊದಲು ಯಾರೋ ನಡೆದು ಬಂದರು. ದಪ್ಪ ತಂತಿಯೊಂದನ್ನು ಬೆರಳಲ್ಲಿ ಮೀಟುತ್ತ, ಕೆಲಸ ಮುಗಿಸಿ ಮನೆಗೆ ಹೊರಟವನ ನಡಿಗೆ. ಅದಕ್ಕೆ ಸರಿಯಾಗಿ ಗುಡಿಸುವ ಸದ್ದು ತಾಳವಾಯಿತು. ಪಿಯಾನೋ ಎರಡು ಮಾತು ಹಾಕಿ ಜಾಗ ಬಿಟ್ಟಿತು. ಆಗ ಸ್ಯಾಕ್ಸೋಫೋನ್ ಬಂತು. ಅದು ಅಳುತ್ತಿರಲಿಲ್ಲ. ಉಂಡು, ಎಲೆಯಡಿಕೆ ಹಾಕಿ, ಕಟ್ಟೆಯ ಮೇಲೆ ಕೂತ ಮನುಷ್ಯನಂತೆ ಹರಟುತ್ತಿತ್ತು. ಹೇಳಿದ್ದನ್ನೇ ತಿರುಗಿಸಿ ಹೇಳಿತು, ಪ್ರತಿ ಸಲವೂ ಬೇರೆ ಮಾಡಿ ಹೇಳಿತು, ನಡುವೆ ತನ್ನ ಮಾತಿಗೆ ತಾನೇ ನಕ್ಕಿತು. ಉಳಿದ ಮೂವರು ಹ್ಞೂಂಗುಟ್ಟುತ್ತಿದ್ದರು. ಪಿಯಾನೋದ ಸರದಿ ಬಂದಾಗ ಸ್ಯಾಕ್ಸೋಫೋನ್ ಬಾಯಿ ಮುಚ್ಚಿ ಕೇಳಿತು. ಆಮೇಲೆ ಅದೂ ಡ್ರಮ್ಮೂ, ಮದುವೆ ಮನೆಯಲ್ಲಿ ಬೀಗರ ಕಡೆಯವರು ಹಾಸ್ಯ ಮಾಡಿದ ಹಾಗೆ, ಇದೊಂದು ಅದೊಂದು ಎಂದು ಸವಾಲು ಜವಾಬು ಶುರುಮಾಡಿದವು. ನಾಲ್ಕೇ ಜನ. ಪಡಸಾಲೆ ತುಂಬಿತ್ತು.

ಗವಿಸಿದ್ದಪ್ಪನವರ ಎಡಗಾಲಿನ ಹೆಬ್ಬೆರಳು ತಾನಾಗಿ ಏಳತೊಡಗಿತು. ಅವರು ಅದರ ಮೇಲೆ ಬಲಗಾಲು ಇಟ್ಟರು. ಬಲಗಾಲೂ ಏಳತೊಡಗಿತು.

ಎರ್ರಿಸ್ವಾಮಿಯವರು ಮೊದಲು ಎದ್ದರು. ಇಂಥ ಕುಣಿಯುವ ಪ್ಲೇಟು ತಮ್ಮ ಮನೆಯಲ್ಲಿ ಎಂದೂ ಇರಲಿಲ್ಲ ಎಂದರು. ಪಂಪಾಪತಿ ಮಾಸ್ತರು, ತಮ್ಮದು ಶೋಕದ್ದು, ಇದು ಯಾರದೋ ಏನೋ ಎಂದರು. ಹದಿನೆಂಟು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಇದು.

“ಏನಂತವ್ವಾ ಈ ಹಾಡಿನ ಹೆಸರು?” ಎಂದು ಅಯ್ಯನವರು ಕೇಳಿದರು.

ಪ್ಲೇಟಿನ ನಡುವಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಆ ಮನೆಯಲ್ಲಿ ಓದಿದ್ದವಳು ಆಕೆ ಒಬ್ಬಳೇ. “‘ಹೆಂಡತಿ ತವರಿಗೆ ಹೋದ ಮಧ್ಯಾಹ್ನ’ ಅಂತ ಐತ್ರಿ.”

ಒಳಬಾಗಿಲಲ್ಲಿ ಮೊದಲು ನಕ್ಕವಳು ಐದು ದಿನ ಆ ಪ್ಲೇಟಿಗೆ ಅತ್ತಿದ್ದ ಅಂಬಮ್ಮ. ಸೆರಗು ಬಾಯಿಗೆ ಒತ್ತಿಕೊಂಡಳು, ಸೆರಗು ಸಾಲಲಿಲ್ಲ. ಅಯ್ಯನವರ ಹೊಟ್ಟೆ ಕುಣಿಯಿತು. ಕೊಟ್ರಮ್ಮನವರು ಸೌಟು ಅಡ್ಡ ಹಿಡಿದು ಗಂಡನನ್ನು ನೋಡಿದರು. ತಾವು ತವರಿಗೆ ಹೋದಾಗಲೆಲ್ಲ ಇವರು ಹೇಗಿರುತ್ತಿದ್ದರು ಎಂಬ ಹೊಸ ಸಂಶಯ ಅವರ ಮುಖದಲ್ಲಿತ್ತು. ವೀರಭದ್ರಮ್ಮನ ತುಟಿಯ ಒಂದು ಮೂಲೆ ಮಾತ್ರ ಸ್ವಲ್ಪ ಸರಿಯಿತು. ಆಕೆ ಗೇಟಿನ ಕಡೆ ನೋಡುತ್ತಿದ್ದಳು.

ಬೇವಿನ ಕೆಳಗೆ ನಿಂತವನು ಕಣ್ಣು ಮುಚ್ಚಿದ್ದ. ಅವನ ಹತ್ತು ಬೆರಳೂ ಕೆಂಪು ಕೋಟಿನ ಹಿತ್ತಾಳೆ ಗುಂಡಿಗಳ ಮೇಲೆ ಆಡುತ್ತಿದ್ದವು. ಸ್ಯಾಕ್ಸೋಫೋನ್ ಏರಿದಾಗ ಬೆರಳು ಏರುತ್ತಿದ್ದವು, ಇಳಿದಾಗ ಇಳಿಯುತ್ತಿದ್ದವು. ಅದು ನಿಲ್ಲುವ ಒಂದು ಕ್ಷಣ ಮೊದಲೇ ಅವು ನಿಂತವು.

ಕೋಟಿನಲ್ಲಿ ಎರಡನೆಯ ಗುಂಡಿ ಇರಲಿಲ್ಲ. ಗವಿಸಿದ್ದಪ್ಪನವರು ಕೋಟು ನೋಡಿದರು. ಸೊಸೆಯ ಕೈಯಲ್ಲಿದ್ದ ಚೀಲವನ್ನೂ ಅದರ ಒಂಟಿ ಗುಂಡಿಯನ್ನೂ ನೋಡಿದರು. ಐದು ದಿನ ತಡವಾಗಿ ಟಪಾಲು ಗುಮಾಸ್ತರಿಗೆ ವಿಳಾಸ ಓದಲು ಬಂತು. ಬಸ್ಸಿನಲ್ಲಿ ಕೆನ್ನೆ ಎಷ್ಟು ಉಬ್ಬಬೇಕೆಂದು ಹೇಳಿದ್ದು ನೆನಪಾಗಿ ಅವರ ಕಿವಿ ಬಿಸಿಯಾಯಿತು.

“ನನಗ ಗೊತ್ತಿರಲಿಲ್ಲ ಯವ್ವಾ” ಎಂದರು.

ಕೊಟ್ರಮ್ಮನವರ ಕೈಯಿಂದ ಸೌಟು ಬಿತ್ತು. ಮದುವೆಯಾಗಿ ನಲವತ್ತು ವರ್ಷದಲ್ಲಿ ಈ ವಾಕ್ಯವನ್ನು ಅವರು ಕೇಳಿರಲಿಲ್ಲ.

ಗವಿಸಿದ್ದಪ್ಪನವರೇ ಗೇಟಿನವರೆಗೆ ಹೋಗಿ ಸುಂಕಣ್ಣನನ್ನು ಕರೆದರು. ಅವನು ಅಭ್ಯಾಸದಂತೆ ಹಿತ್ತಲ ಕಡೆ ತಿರುಗಿದ. ಕೆಲವು ನೆಂಟರೂ ಅದೇ ಸರಿ ಎಂಬಂತೆ ಕೆಮ್ಮಿದರು. ಕೊಟ್ರಮ್ಮನವರು ಬಿದ್ದ ಸೌಟು ಎತ್ತಿಕೊಂಡರು. ಆದರೆ ಅವರ ತವರಿನ ಕಟ್ಟಳೆಯಲ್ಲಿ ಎರವು ಕೊಟ್ಟವನು ಹಿತ್ತಲಿಂದ ಬರಬೇಕೆಂದು ಎಲ್ಲೂ ಇರಲಿಲ್ಲ, ಅಡುಗೆಯೂ ಆರುತ್ತಿತ್ತು. ಮುಂಬಾಗಿಲಿಂದ ಬಾರಪ್ಪ ಎಂದರು. ಅಯ್ಯನವರು ಸರಿದು ತಮ್ಮ ಚಾಪೆಯಲ್ಲಿ ಜಾಗ ಮಾಡಿದರು. ಕೆಮ್ಮು ನಿಂತಿತು.

ಪ್ಲೇಟನ್ನು ವಾಪಸು ಯಾಕೆ ಕೇಳಲಿಲ್ಲವೆಂದು ಅಯ್ಯನವರು ಕೇಳಿದ್ದಕ್ಕೆ ಸುಂಕಣ್ಣ ತಲೆ ತಗ್ಗಿಸಿದ. “ಸಾವಿನ ಮನಿಯಾಗ ಎರವು ಹೆಂಗ ಕೇಳೂದ್ರಿ. ಬಂದೆ, ನಿಂತೆ, ಹೋದೆ.”

ಮುಂಬಯಿ ಬಿಡುವಾಗ ಜೊತೆಗೆ ಪಿಯಾನೋ ಬಾರಿಸುತ್ತಿದ್ದ ಗೋವಾದ ಗೆಳೆಯ ಆ ಪ್ಲೇಟು ಕೊಟ್ಟಿದ್ದನಂತೆ. ಸಿರುಗುಪ್ಪದಲ್ಲಿ ಅದನ್ನು ಹಾಕಲು ಪೆಟ್ಟಿಗೆ ಇದ್ದದ್ದು ಓವರ್‌ಸೀಯರ್ ಸಾಹೇಬರ ಹತ್ತಿರ ಮಾತ್ರ. ಸಂಜೆ ಕಾಲುವೆ ಏರಿಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಇಬ್ಬರೂ ಕೇಳುತ್ತಿದ್ದರಂತೆ.

“ಮತ್ತ ಹದಿನಾರು ಯಾಕ?” ಎಂದಳು ವೀರಭದ್ರಮ್ಮ.

“ಓಡೋವಾಗ ಸ್ವರ ಕೈಗೆ ಸಿಗೂದಿಲ್ರಿ ಅಕ್ಕಾರ. ನಿಧಾನ ಹಾಕಿದ್ರ ಒಂದೊಂದಾಗಿ ಸಿಗತಾವು. ಸಿಕ್ಕ ಮ್ಯಾಲೆ ಮತ್ತ ಮೂವತ್ತಮೂರಕ್ಕ ಹಾಕಿ, ಇಬ್ರೂ ನಗ್ತಿದ್ವಿ.”

ಆಗ ಗವಿಸಿದ್ದಪ್ಪನವರು ಅವನ ಹತ್ತಿರ ಬಗ್ಗಿ, ಯಾರಿಗೂ ಕೇಳಿಸದಂತೆ ಆದರೆ ಎಲ್ಲರಿಗೂ ಕೇಳಿಸುವಂತೆ, ಜವಾನನನ್ನು ಕೇಳಿದ್ದು ಬಿಟ್ಟರೆ ತಮ್ಮ ಜೀವಮಾನದ ಮೊದಲ ಪ್ರಶ್ನೆ ಕೇಳಿದರು. “ಅಲ್ಲಪಾ ಸುಂಕಣ್ಣ, ಆ ಗುಡಿಸೋರು ಯಾರು?”

“ಅದು ಡ್ರಮ್ಮುರಿ ಅಪ್ಪಾರ. ಕೋಲು ಬಿಟ್ಟು, ತಂತಿ ಕಸಬರಿಗಿ ಹಿಡದು ಸವರ್ತಾರ.”

ಗವಿಸಿದ್ದಪ್ಪನವರು ಇದನ್ನು ತಿಳಿದುಕೊಂಡು ಬಹಳ ಸಂತೋಷಪಟ್ಟರು. ಕೇಳುವುದು ಇಷ್ಟು ಸುಲಭವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ವೀರಭದ್ರಮ್ಮ ಪ್ಲೇಟನ್ನು ಸೆರಗಿನಿಂದ ಒರೆಸಿ, ಚೀಲಕ್ಕೆ ಹಾಕಿ, ಹಿತ್ತಾಳೆ ಗುಂಡಿ ಹಾಕಿದಳು. ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಸುಂಕಣ್ಣ ಎರಡೂ ಕೈಯಲ್ಲಿ ತೆಗೆದುಕೊಂಡ. ಎರವು ಮುಟ್ಟಿತು ಎಂದರು ಕೊಟ್ರಮ್ಮನವರು. ಹಿಂದೆಯೇ ಎಲೆ ಹಾಕುವ ಸದ್ದು ಶುರುವಾಯಿತು.

“ಹಿಂದಿನ ಬದಿ ಕೇಳಿರೇನ್ರಿ ಅಕ್ಕಾರ?”

“ಇಲ್ಲ. ಅದನ್ನ ನೀವು ಊಟಕ್ಕ ಬಂದ ದಿನ ಕೇಳೋಣು ಅಂದಿದ್ರು.”

ಸುಂಕಣ್ಣ ಚೀಲವನ್ನು ಮತ್ತೆ ಆಕೆಯ ಕಡೆ ಚಾಚಿದ. ಆಕೆ ತೆಗೆದುಕೊಳ್ಳಲಿಲ್ಲ.

“ಇವತ್ತು ಕೊಟ್ಟದ್ದು ಕೊಟ್ಟಂಗ ಇರಲಿ. ಮೊದಲು ಊಟ ಮಾಡ್ರಿ. ಐತವಾರ ತಗೊಂಡು ಬರ್ರಿ. ಪೆಟ್ಟಿಗಿ ಮೂವತ್ತಮೂರರ ಮ್ಯಾಲೆ ಇಟ್ಟಿರ್ತೀನಿ.”